ಭರವಸೆಗೆ ಬಣ್ಣ ಯಾವುದು?

ನಾನು ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಸರಿಯಾದ ಒಂದು ಹೆಸರು ಹುಟ್ಟಿಲ್ಲ. ‘ಬ್ರ್ಯಾಂಡ್ ಐಡೆಂಟಿಟಿ ಡಿಸೈನ್’ ಎಂದು ಹೇಳಿದರೆ ಊರಿನಲ್ಲಿ ನಮ್ಮ ಸೋದರಮಾವ, “ಅಂದ್ರೆ ಬೋರ್ಡು ಬರೀತೀಯ ಅನ್ನು” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಅಂಗಡಿಗೋ, ಕಂಪನಿಗೋ, ಈಗಿನ ಕಾಲದಲ್ಲಿ ಒಂದು ಮೊಬೈಲ್ ಆ್ಯಪಿಗೋ ಹೆಸರು ಹುಡುಕುವುದು, ಚಿಹ್ನೆ ಬರೆಯುವುದು, ಬಣ್ಣ ಗೊತ್ತುಮಾಡುವುದು, ಅಕ್ಷರದ ಅಚ್ಚು ಆರಿಸುವುದು, ಅದು ಜನರ ಜೊತೆ ಯಾವ ದನಿಯಲ್ಲಿ ಮಾತಾಡಬೇಕೆಂದು ತೀರ್ಮಾನಿಸುವುದು, ಇಷ್ಟೂ ಸೇರಿ ಈ ಕೆಲಸ.

ಕನ್ನಡ ಓದುವ ನಿಮಗೆ ಇದನ್ನು ವಿವರಿಸಲು ಒಂದು ಸುಲಭ ದಾರಿಯಿದೆ. ವಚನಕಾರರ ಅಂಕಿತಗಳನ್ನು ನೆನಪು ಮಾಡಿಕೊಳ್ಳಿ. ‘ಕೂಡಲಸಂಗಮದೇವ’ ಎಂದು ಕಂಡ ಕೂಡಲೇ ಅದು ಬಸವಣ್ಣನವರದು ಎನ್ನುತ್ತೇವೆ; ‘ಚೆನ್ನಮಲ್ಲಿಕಾರ್ಜುನ’ ಎಂದರೆ ಅಕ್ಕ; ‘ಪುರಂದರವಿಠಲ’ ಎಂದರೆ ದಾಸರು. ಪರೀಕ್ಷೆಯ ದೃಷ್ಟಿಯಿಂದ ಅದು ಎರಡು ಅಂಕದ ಪ್ರಶ್ನೆ. ಆದರೆ ಅಂಕಿತ ಬರೀ ಸಹಿಯಲ್ಲ. ‘ಈ ಮಾತು ಯಾರ ಹೊಣೆಯ ಮೇಲೆ ಆಡಿದ್ದು, ಯಾರ ಸಾಕ್ಷಿಯಾಗಿ ಆಡಿದ್ದು’ ಎಂಬುದನ್ನೂ ಅದು ಹೇಳುತ್ತದೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಈ ಹೊಣೆ ಹಗುರ. ಬಿಸ್ಕತ್ತು ಮೆತ್ತಗಿದ್ದರೆ ನಾಳೆ ಬೇರೆಯದು ಕೊಂಡರಾಯಿತು. ರೋಗಿಯ ಕೈಗೆ ಹೋಗುವ ವಸ್ತುವಿನ ಮೇಲೆ ಅದೇ ಹೊಣೆ ಎಷ್ಟು ಭಾರವಾಗುತ್ತದೆ ಎನ್ನುವುದು ನನಗೆ ಅರ್ಥವಾದದ್ದು ಕಲ್ಕತ್ತೆಯ ಲೇಕ್ ಗಾರ್ಡನ್ಸಿನಲ್ಲಿ. ಅದನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ.

ಲೇಕ್ ಗಾರ್ಡನ್ಸ್ ದಕ್ಷಿಣ ಕಲ್ಕತ್ತೆಯ ಒಂದು ಬಡಾವಣೆ. ಹೆಸರಿನಲ್ಲಿರುವ ಲೇಕ್ ಅಂದರೆ ಢಾಕುರಿಯಾ ಕೆರೆ. ಅದಕ್ಕೆ 1958ರಲ್ಲಿ ರವೀಂದ್ರ ಸರೋವರ ಎಂದು ಹೆಸರಿಟ್ಟರು, ಆದರೂ ಜನ ಇವತ್ತಿಗೂ ‘ಲೇಕ್’ ಎಂದೇ ಅನ್ನುತ್ತಾರೆ. (ಹೆಸರು ಬದಲಾಯಿಸುವುದು ಸುಲಭ, ಬಾಯಿ ಬದಲಾಯಿಸುವುದು ಕಷ್ಟ. ಇದು ನಮ್ಮ ವೃತ್ತಿಯ ಮೊದಲ ಪಾಠ.) ಬಜ್‌ಬಜ್ ಕಡೆಗೆ ಹೋಗುವ ಲೋಕಲ್ ರೈಲಿನ ಒಂದು ಸ್ಟೇಷನ್ನು ಇಲ್ಲಿದೆ. ಇಡ್ಲಿ, ಕಾಫಿ, ಕರಿಬೇವು ಬೇಕೆಂದರೆ ಲೇಕ್ ಮಾರ್ಕೆಟ್ಟು ದೂರವಿಲ್ಲ. ದಕ್ಷಿಣದವರು ಬಹಳ ಕಾಲದಿಂದ ನೆಲೆಸಿರುವ ಜಾಗ ಅದು. ಮೂರಂತಸ್ತಿನ ಹಳೆಯ ಮನೆಗಳು, ಹಸಿರು ಬಣ್ಣದ ಮರದ ಕಿಟಕಿಗಳು, ಓಣಿಯ ಮೂಲೆ ಮೂಲೆಗೂ ಒಂದು ಔಷಧಿ ಅಂಗಡಿ. ಅಂಥ ಒಂದು ಓಣಿಯಲ್ಲಿ ಇಬ್ಬರು ಯುವ ಡಾಕ್ಟರುಗಳು ತಮ್ಮ ಆ್ಯಪಿಗೆ ‘ಮುಖ’ ಮಾಡಿಕೊಡಬೇಕೆಂದು ನನ್ನನ್ನು ಕರೆದರು. ಅವರ ಹೆಸರನ್ನಾಗಲಿ ಆ್ಯಪಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ; ಬರೆದರೆ ಈ ಪ್ರಬಂಧವೇ ಜಾಹೀರಾತಾಗಿಬಿಡುತ್ತದೆ.

ಆ್ಯಪಿನ ಉದ್ದೇಶ ಕೇಳಿ ನನಗೆ ನಗು ಬಂತು. ಚಿಕಿತ್ಸೆಗಾಗಿ ಬೆಂಗಳೂರಿಗೂ ವೆಲ್ಲೂರಿಗೂ ಹೋಗುವ ಬಂಗಾಳಿ ರೋಗಿಗಳಿಗೆ ಅದು ನೆರವಾಗಬೇಕು. ಹಳೆಯ ರಿಪೋರ್ಟುಗಳನ್ನು ಒಂದು ಕಡೆ ಇಡುವುದು, ಮಾತ್ರೆಯ ವೇಳೆ ನೆನಪಿಸುವುದು, ಆಸ್ಪತ್ರೆಯಲ್ಲಿ ಬಂಗಾಳಿ ಬಲ್ಲ ಒಬ್ಬರನ್ನು ಜೊತೆ ಮಾಡಿಕೊಡುವುದು. ಪಾಶ್ಚಾತ್ಯ ವೈದ್ಯವನ್ನು ಕಲಿಸಲು 1835ರಲ್ಲಿಯೇ ಮೆಡಿಕಲ್ ಕಾಲೇಜು ತೆರೆದ ಊರು ಕಲ್ಕತ್ತೆ. ಅಲ್ಲಿಯ ಜನ ಎಕ್ಸ್‌ರೇ ಲಕೋಟೆ ಹಿಡಿದು ಹೌರಾದಲ್ಲಿ ರೈಲು ಹತ್ತಿ ನಮ್ಮ ಕಡೆ ಬರುತ್ತಾರೆ! ಹಿತ್ತಲ ಗಿಡ ಮದ್ದಲ್ಲ ಎಂದು ನಾನು ಹೇಳಿದಾಗ ಡಾಕ್ಟರರಲ್ಲಿ ಒಬ್ಬಾಕೆ, ತಮ್ಮಲ್ಲೂ ಒಂದು ಗಾದೆಯಿದೆ ಎಂದು ಹೇಳಿದರು: “ಗೆಂಯೊ ಜೋಗಿ ಭಿಕ್ ಪಾಯ್ ನಾ”, ಅಂದರೆ ಊರ ಜೋಗಿಗೆ ಊರಲ್ಲಿ ಭಿಕ್ಷೆ ಹುಟ್ಟೋದಿಲ್ಲ. ಇನ್ನೂ ಒಂದು ಸೋಜಿಗ ನೋಡಿ: ಮಂಗಳೂರು ಕಡೆಯ ಡಾ. ದೇವಿ ಶೆಟ್ಟಿಯವರು 1989ರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಲು ಬಂದದ್ದು ಕಲ್ಕತ್ತೆಗೆ; ಆಮೇಲೆ ಅವರು ಬೆಂಗಳೂರಿನಲ್ಲಿ ಆಸ್ಪತ್ರೆ ಕಟ್ಟಿದ ಮೇಲೆ ಕಲ್ಕತ್ತೆಯವರು ಅಲ್ಲಿಗೆ ಹೊರಟರು. ಯಾರ ಹಿತ್ತಲು, ಯಾರ ಗಿಡ, ಹೇಳುವುದು ಕಷ್ಟ.

ಮೊದಲ ದಿನದ ಮಾತುಕತೆಯಲ್ಲಿ ಒಂದೇ ಪದ ಮತ್ತೆ ಮತ್ತೆ ಬಂತು: ‘ಭೊರ್ಶಾ’. ನಮ್ಮ ‘ಭರವಸೆ’ಗೆ ಅದು ಅಕ್ಕನೋ ತಂಗಿಯೋ ಆಗಬೇಕು. “ನೋಡಿದ ಕೂಡಲೆ ಭೊರ್ಶಾ ಬರುವ ಹಾಗೆ ಮಾಡಿ” ಎಂದರು. ಕನ್ನಡದಲ್ಲಿ ಈ ಪದಕ್ಕೆ ಎರಡು ಮುಖ. ಒಂದು, ಮನಸ್ಸಿನಲ್ಲಿ ‘ಇಡುವ’ ಭರವಸೆ. ಇನ್ನೊಂದು, ಚುನಾವಣೆಯ ಹೊತ್ತಿನಲ್ಲಿ ‘ಕೊಡುವ’ ಭರವಸೆ. ಚಿತ್ರ ಬರೆದು ಎರಡನೆಯದನ್ನು ಕೊಡುವುದು ಬಹಳ ಸುಲಭ. ಮೊದಲನೆಯದು ರೋಗಿಯಿಂದ ಬರಬೇಕಾದದ್ದು. ಅದನ್ನು ನಾನು ಬರೆಯಲಾರೆ. ನನ್ನ ಪೇಚಾಟವೆಲ್ಲ ಇಲ್ಲಿಂದ ಶುರುವಾಯಿತು.

ಮೊದಲು ಹೆಸರು. ಅವರು ‘ಆರೋಗ್ಯ’ ಎಂಬುದಕ್ಕೆ ಇನ್ನೊಂದು ಪದ ಜೋಡಿಸಿ ಇಟ್ಟುಕೊಂಡಿದ್ದರು. ಕೇಂದ್ರ ಸರ್ಕಾರವೇ 2020ರ ಏಪ್ರಿಲಿನಲ್ಲಿ ‘ಆರೋಗ್ಯ ಸೇತು’ ಎಂದು ಆ್ಯಪ್ ತಂದಿತ್ತಲ್ಲ, ಜನಕ್ಕೆ ಕಿವಿಗೆ ಬಿದ್ದ ಪದ ಎಂಬುದು ಅವರ ವಾದ. ಕನ್ನಡದ ಕಿವಿಗೆ ಅದರಲ್ಲಿ ಏನೂ ತೊಂದರೆ ಕಾಣುವುದಿಲ್ಲ, ‘ಆರೋಗ್ಯವೇ?’ ಎಂದು ಕಾಗದದ ಮೊದಲ ಸಾಲಿನಲ್ಲಿ ಕೇಳುವವರು ನಾವು. ಆದರೆ ಬಂಗಾಳಿಯಲ್ಲಿ ದಿನಬಳಕೆಯ ಆರೋಗ್ಯಕ್ಕೆ ‘ಶಾಸ್ಥೊ’ ಎನ್ನುತ್ತಾರೆ, ಅಂದರೆ ನಮ್ಮ ಸ್ವಾಸ್ಥ್ಯ. ‘ಆರೋಗ್ಗೊ’ ಎಂದರೆ ಅಲ್ಲಿ ರೋಗ ವಾಸಿಯಾಗುವುದು, ಗುಣ ಕಾಣುವುದು. ಅಕ್ಷರ ಒಂದೇ, ಅರ್ಥ ಒಂದು ಹೆಜ್ಜೆ ಮುಂದೆ. ವೆಲ್ಲೂರಿನ ರೈಲು ಹತ್ತುವವರಲ್ಲಿ ವಾಸಿಯಾಗದ ಕಾಯಿಲೆಯವರೂ ಇರುತ್ತಾರೆ. ಮೊಬೈಲಿನ ಪರದೆಯ ಮೇಲೆ ದಿನಾ ಬೆಳಗ್ಗೆ ‘ವಾಸಿಯಾಗುತ್ತದೆ’ ಎಂದು ಹೇಳುವ ಹೆಸರನ್ನು ಅಂಥವರ ಕೈಗೆ ಕೊಡುವುದು ಸರಿಯೇ? ಕೆಲವು ರೋಗಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನೇ ನಿಷೇಧಿಸುವ ಕಾನೂನು ನಮ್ಮ ದೇಶದಲ್ಲಿ 1954ರಿಂದ ಇದೆ. ಬರೀ ಹೆಸರಿಗೆ ಆ ಕಾನೂನು ತಗಲದೆ ಇರಬಹುದು. ಆದರೂ ಅದರ ಹಿಂದಿನ ನ್ಯಾಯ ತಗಲುತ್ತದೆ ಎಂದು ನಾನು ವಾದಿಸಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು, ನಾವು ವಾರ್ಡಿನಲ್ಲಿ ಈ ಪದವನ್ನು ಹಾಗೆ ಸುಲಭವಾಗಿ ಬಾಯಿಗೆ ತರೋದಿಲ್ಲ” ಎಂದರು. ಆ ಹೆಸರು ಅಲ್ಲಿಗೆ ಬಿತ್ತು.

ನನ್ನ ಕನ್ನಡದ ಮೋಹಕ್ಕೆ ‘ಹುಷಾರು’ ಹೊಳೆಯಿತು. “ಹುಷಾರಾಗಿದ್ದೀರಾ?” ಎಂದು ಕೇಳುವುದರಲ್ಲಿ ಎಷ್ಟು ಅಕ್ಕರೆ! ಆದರೆ ಬಂಗಾಳಿಯಲ್ಲಿ ಅದೇ ಮೂಲದ ‘ಹುಂಶಿಯಾರ್’ ಎಂದರೆ ‘ಎಚ್ಚರಿಕೆ!’ ನಾಯಿ ಇರುವ ಮನೆಯ ಗೇಟಿಗೆ ಹಾಕುವ ಮಾತು. ಪಾರ್ಸಿಯಿಂದ ಹೊರಟ ಪದವೊಂದು ಒಂದು ಊರಿನಲ್ಲಿ ಕ್ಷೇಮಸಮಾಚಾರವಾಗಿ, ಇನ್ನೊಂದು ಊರಿನಲ್ಲಿ ಕಾವಲುಗಾರನ ಕೂಗಾಗಿದೆ. ಮೂರನೆಯದು ನಿಜಕ್ಕೂ ಚೆಲುವಾದದ್ದು. ಸಂಸ್ಕೃತದ ‘ಯತ್ನ’ ನಮ್ಮಲ್ಲಿ ಪ್ರಯತ್ನವಾಯಿತು. ಬಂಗಾಳಿಯಲ್ಲಿ ‘ಜೊತ್ನೊ’ ಆಗಿ ಆರೈಕೆ ಎಂಬ ಅರ್ಥ ಪಡೆಯಿತು. ತಾಯಿ ಮಗುವನ್ನು ನೋಡಿಕೊಳ್ಳುವುದು ಜೊತ್ನೊ, ಹೂವಿನ ಕುಂಡಕ್ಕೆ ನೀರು ಹಾಕುವುದು ಜೊತ್ನೊ. ಡಾಕ್ಟರು ಮಾಡಬಹುದಾದ್ದು ಯತ್ನ, ದಾದಿಯರು ಮಾಡುವುದು ಜೊತ್ನೊ. ಫಲದ ಮಾತು ಎರಡರಲ್ಲೂ ಇಲ್ಲ. ಆದರೆ ಕಂಪನಿ ಹೆಸರುಗಳನ್ನು ನೋಂದಾಯಿಸುವ ಪದ್ಧತಿಯಲ್ಲಿ 45 ವರ್ಗಗಳಿವೆ. ಆ್ಯಪಿಗೆ 9ನೆಯದು, ವೈದ್ಯಸೇವೆಗೆ 44ನೆಯದು. ಇಷ್ಟು ಒಳ್ಳೆಯ ಪದ ಖಾಲಿ ಉಳಿದಿರುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲವೆಂದು ಅವರ ವಕೀಲರು ತಲೆಯಾಡಿಸಿದರು. ಕೊನೆಗೆ ಬೇರೊಂದು ಸಾಧಾರಣ ಹೆಸರು ಗೊತ್ತಾಯಿತು. ಜೊತ್ನೊ ಎಂಬುದು ಅದರ ಕೆಳಗಿನ ಸಾಲಿನಲ್ಲಿ ಸೇರಿತು.

ಹೆಸರಿನ ವಿಷಯದಲ್ಲಿ ನಮ್ಮ ಕರ್ನಾಟಕ ಏನೂ ಹಿಂದೆ ಬಿದ್ದಿಲ್ಲ ಎಂಬುದನ್ನೂ ಹೇಳಬೇಕು. ಸಹಕಾರ ಸಂಘದ ರೈತರಿಗೆ ತಿಂಗಳಿಗೆ 5 ರೂಪಾಯಿ ಕಂತಿನಲ್ಲಿ ಶಸ್ತ್ರಚಿಕಿತ್ಸೆಯ ರಕ್ಷಣೆ ಕೊಡಲು 2003ರಲ್ಲಿ ಜಾರಿಗೆ ಬಂದ ಯೋಜನೆಗೆ ‘ಯಶಸ್ವಿನಿ’ ಎಂದು ಹೆಸರಿಟ್ಟರು. ಅದರಲ್ಲಿ ಆಸ್ಪತ್ರೆಯ ವಾಸನೆಯೇ ಇಲ್ಲ. ಪಕ್ಕದ ಮನೆಯ ಹುಡುಗಿಯ ಹೆಸರಿನಂತಿದೆ. 2020ರ ಕೊರೋನಾ ಕಾಲದಲ್ಲಿ 14410 ಎಂಬ ಸಹಾಯವಾಣಿಗೆ ‘ಆಪ್ತಮಿತ್ರ’ ಎಂದರು. ಅರ್ಥ ಸೊಗಸಾಗಿದೆ. ಆದರೆ 2004ರ ಆಪ್ತಮಿತ್ರ ಸಿನಿಮಾ ನೋಡಿದವರು ಜ್ವರದಲ್ಲಿ ಆ ನಂಬರು ಒತ್ತುವಾಗ ನಾಗವಲ್ಲಿಯನ್ನು ನೆನೆಯದೆ ಇದ್ದರೆ ಕೇಳಿ! ಹೆಸರಿಡುವವನು ಪದದ ಅರ್ಥವನ್ನು ನಿಘಂಟಿನಲ್ಲಿ ನೋಡಿದರೆ ಸಾಲದು. ಅದು ಜನರ ನೆನಪಿನಲ್ಲಿ ಯಾರ ಜೊತೆ ಓಡಾಡುತ್ತಿದೆ ಎಂದೂ ನೋಡಬೇಕು.

ಇನ್ನು ಚಿಹ್ನೆ. ಆಸ್ಪತ್ರೆ ಎಂದರೆ ಕೆಂಪು ಶಿಲುಬೆ ಎಂದು ನಮಗೆಲ್ಲ ರೂಢಿಯಾಗಿದೆ. ಅದನ್ನು ಬಳಸುವಂತಿಲ್ಲ ಎಂದು ಎಷ್ಟು ಜನಕ್ಕೆ ಗೊತ್ತು? 1864ರ ಜಿನೀವಾ ಒಪ್ಪಂದದಲ್ಲಿ, ಸ್ವಿಸ್ ಧ್ವಜದ ಬಣ್ಣಗಳನ್ನು ಅದಲು ಬದಲು ಮಾಡಿದಂತಿರುವ ಆ ಗುರುತನ್ನು ಗೊತ್ತುಮಾಡಿದ್ದು ಯುದ್ಧಭೂಮಿಗಾಗಿ. ‘ಇಲ್ಲಿ ಗಾಯಾಳುಗಳಿದ್ದಾರೆ, ಗುಂಡು ಹಾರಿಸಬೇಡಿ’ ಎಂಬುದಷ್ಟೇ ಅದರ ಅರ್ಥ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಅದನ್ನು ಯಾರೂ ಬಳಸಕೂಡದು. ಆದರೂ ಔಷಧಿ ಅಂಗಡಿಯಿಂದ ಹಿಡಿದು ಡಾಕ್ಟರರ ಸ್ಕೂಟರಿನವರೆಗೆ ಎಲ್ಲೆಲ್ಲೂ ಅದೇ. ಎಲ್ಲರ ಬಾಗಿಲಿನ ಮೇಲೂ ಇರುವ ಗುರುತು, ಗುಂಡು ಹಾರುವ ದಿನ ಯಾರನ್ನು ಕಾಪಾಡೀತು?

ಹಾಗಾಗಿ ಬೇರೆ ಬೇರೆ ಚಿತ್ರಗಳನ್ನು ಕಾಗದದ ಮೇಲೆ ಮಾಡಿಕೊಂಡು ಲೇಕ್ ಗಾರ್ಡನ್ಸ್ ಸ್ಟೇಷನ್ನಿನ ಹತ್ತಿರ ಚಹಾದ ಅಂಗಡಿಯಲ್ಲಿ ಕೂತೆ. ಮಣ್ಣಿನ ಪುಟ್ಟ ಲೋಟದಲ್ಲಿ ಚಹಾ ಕುಡಿಯುವವರಿಗೆ ಒಂದೊಂದೇ ಚಿತ್ರ ತೋರಿಸಿ, “ಇದು ಏನು ಹೇಳುತ್ತೆ?” ಎಂದು ಕೇಳುವುದು. ನಮ್ಮ ವೃತ್ತಿಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ನಿಜಕ್ಕೂ ಇದು ಕಟ್ಟೆಯ ಹರಟೆಯೇ.

ಹೃದಯದ ಚಿತ್ರ ತೋರಿಸಿದೆ. ಮನೆಗೆಲಸಕ್ಕೆಂದು ಲೋಕಲ್ ರೈಲಿನಲ್ಲಿ ಬರುವ ಒಬ್ಬ ಹೆಂಗಸು, “ಇದು ಹಾರ್ಟಿನವರಿಗೆ. ನಮ್ಮ ಮನೆಯವರಿಗೆ ಕಿಡ್ನಿ” ಎಂದು ಪಕ್ಕಕ್ಕಿಟ್ಟರು. ಎಲೆಯ ಚಿತ್ರಕ್ಕೆ “ಕವಿರಾಜರ ಮದ್ದು” ಎಂದರು, ಅಂದರೆ ಆಯುರ್ವೇದ. ಸ್ಟೆತಾಸ್ಕೋಪಿಗೆ “ಫೀಸು” ಎಂದು ಒಬ್ಬ ನಕ್ಕ. ಎರಡು ಹೂವು ಬರೆದಿದ್ದೆ. ಅದು ಒಂದು ಪಕ್ಷದ್ದು. ಆಶೀರ್ವಾದದ ಹಸ್ತ ಇನ್ನೊಂದು ಪಕ್ಷದ್ದು. ಕಮಲ ಮತ್ತೊಂದರದ್ದು. ಓದು ಬಾರದವರೂ ಮತ ಹಾಕಲೆಂದು 1951-52ರ ಮೊದಲ ಮಹಾಚುನಾವಣೆಯಲ್ಲೇ ಚಿಹ್ನೆಗಳನ್ನು ಹಂಚಿದ ದೇಶ ನಮ್ಮದು. ಲೋಕದ ಒಳ್ಳೆಯ ಚಿತ್ರಗಳಿಗೆಲ್ಲ ಆಗಲೇ ಒಡೆಯರಿದ್ದಾರೆ. ಬಣ್ಣದ ಗತಿಯೂ ಅಷ್ಟೇ. ಬಂಗಾಳದಲ್ಲಿ ಕೆಂಪು ಒಬ್ಬರದು, ಹಸಿರು ಇನ್ನೊಬ್ಬರದು, ಕೇಸರಿ ಮತ್ತೊಬ್ಬರದು. ನೀಲಿ ಬಿಳಿ ಶಾಂತವಾಗಿರುತ್ತದೆಂದುಕೊಂಡರೆ, 2011ರ ನಂತರ ಕಲ್ಕತ್ತೆಯ ಸೇತುವೆ, ರಸ್ತೆ ಬದಿಯ ಕಟಕಟೆ, ಸರ್ಕಾರಿ ಗೋಡೆಗಳೆಲ್ಲ ನೀಲಿ ಬಿಳಿಯಾದವು. ಆ ಬಣ್ಣದ ಆ್ಯಪು ಸರ್ಕಾರದ್ದೆಂದೇ ಜನ ತಿಳಿದಾರು. ಇಲ್ಲದ ಅಧಿಕಾರವನ್ನು ಬಣ್ಣದಿಂದ ಕಡ ತರುವುದೂ ಒಂದು ಬಗೆಯ ಸುಳ್ಳೇ.

ಈ ಗೊಂದಲದಲ್ಲಿ ನನಗೆ ದಾರಿ ತೋರಿಸಿದ್ದು ಹಳೆಯ ಗುರುತುಗಳು. ಅದೃಷ್ಟಕ್ಕೆ ಕಲ್ಕತ್ತೆ ಅಂಥವುಗಳ ಉಗ್ರಾಣ. ಬೊರೊಲಿನ್ ಮುಲಾಮನ್ನು ತೆಗೆದುಕೊಳ್ಳಿ. 1929ರಲ್ಲಿ ಗೌರ್ ಮೋಹನ್ ದತ್ತರು ಶುರುಮಾಡಿದ್ದು. ಹಸಿರು ಟ್ಯೂಬು, ಆನೆಯ ಗುರುತು. ಹೆಸರು ಓದಲಾರದವರು ‘ಆನೆ ಮುಲಾಮು’ ಎಂದು ಕೇಳಿ ಕೊಂಡರು. ಆನೆಗೂ ಒಡೆದ ಹಿಮ್ಮಡಿಗೂ ಏನು ಸಂಬಂಧ? ಏನೂ ಇಲ್ಲ. ಆನೆ ಯಾವ ರೋಗವನ್ನೂ ವಾಸಿಮಾಡುತ್ತೇನೆನ್ನುವುದಿಲ್ಲ. ‘ನಾನು ಹೋದ ಸಲದ್ದೇ’ ಎಂದಷ್ಟೇ ಹೇಳುತ್ತದೆ.

ಎರಡನೆಯದು ಕುಟುಂಬ ಯೋಜನೆಯ ಕೆಂಪು ತ್ರಿಕೋನ. 1960ರ ದಶಕದಲ್ಲಿ ದೀಪ್ ತ್ಯಾಗಿ ಎಂಬ ಅಧಿಕಾರಿ ಇದನ್ನು ದೇಶಕ್ಕೆಲ್ಲ ಹರಡಿದರು. ತಲೆಕೆಳಗಾದ ಒಂದು ತ್ರಿಕೋನ, ಜೊತೆಗೆ ತಂದೆ ತಾಯಿ ಇಬ್ಬರು ಮಕ್ಕಳ ಮುಖ. ಹಳ್ಳಿಯ ಪೇಂಟರು ಸುಣ್ಣದ ಗೋಡೆಯ ಮೇಲೆ ಕಣ್ಣಳತೆಯಲ್ಲೇ ಬರೆಯಬಹುದಾದಷ್ಟು ಸರಳ. ಅದೇ ಕಾಲದಲ್ಲಿ ಕಲ್ಕತ್ತೆಯ ಐಐಎಂನ ತಂಡವೊಂದು, ಕಾಂಡೋಮನ್ನು ಚಹಾ ಸೋಪುಗಳಂತೆ ಅಂಗಡಿಗಳಲ್ಲಿ ಮಾರಬೇಕೆಂದು ಯೋಜನೆ ಬರೆದುಕೊಟ್ಟಿತು. 1968ರಲ್ಲಿ ‘ನಿರೋಧ್’ ಬಂತು. ಮೂರಕ್ಕೆ 15 ಪೈಸೆ. ಚಹಾ, ಸಿಗರೇಟು, ಸೋಪು ಮಾರುವ ಕಂಪನಿಗಳೇ ಅದನ್ನು ಹಳ್ಳಿಯ ಗೂಡಂಗಡಿಗೂ ಮುಟ್ಟಿಸಿದವು. ಬಾಯಿಬಿಟ್ಟು ಕೇಳಲು ನಾಚುವ ವಿಷಯದಲ್ಲಿ ಬೆರಳು ತೋರಿಸಿದರೆ ಸಾಕು ಎನ್ನುವ ಅನುಕೂಲವನ್ನು ಆ ತ್ರಿಕೋನ ಮಾಡಿಕೊಟ್ಟಿತು.

ಮೂರನೆಯದು ಮದರ್ ತೆರೇಸಾರ ಸೀರೆ. ಬಿಳಿಯ ಸೀರೆ, ಮೂರು ನೀಲಿ ಪಟ್ಟೆ. ಟೀಟಾಗಢದಲ್ಲಿ ಕುಷ್ಠರೋಗದಿಂದ ಬಳಲಿದವರೇ ಅದನ್ನು ನೇಯುತ್ತ ಬಂದವರು. ಆ ಪಟ್ಟೆಗಳ ವಿನ್ಯಾಸ ಟ್ರೇಡ್‌ಮಾರ್ಕಾಗಿ ನೋಂದಣಿಯಾಗಿದೆ ಎಂಬ ಸುದ್ದಿ 2017ರಲ್ಲಿ ಬಂದಾಗ ಕೆಲವರು ಮೂಗುಮುರಿದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಅಲ್ಲಿ ಕೆಲಸ ಮೊದಲು ಬಂತು. ಗುರುತು ಅರ್ಧ ಶತಮಾನದ ಕೆಲಸದಿಂದ ತಾನಾಗಿ ಮೂಡಿತು. ನೋಂದಣಿ ಎಲ್ಲಕ್ಕಿಂತ ಕೊನೆಗೆ. ನಾವು ಈಗ ಮಾಡುವುದು ತಿರುಗುಮುರುಗು. ಕೆಲಸ ಶುರುವಾಗುವ ಮುಂಚೆಯೇ ಗುರುತು ಸಿದ್ಧವಾಗಿರುತ್ತದೆ. ಹಾಗಾಗಿ ಅದು ಮುಂದೆ ದುಡಿದು ತೀರಿಸಬೇಕಾದ ಸಾಲ.

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು 1971ರ ಕಥೆ. ಬಾಂಗ್ಲಾ ಯುದ್ಧದ ವರ್ಷ, ಗಡಿಯ ಬೊನ್‌ಗಾಂವ್‌ನಲ್ಲಿ ನಿರಾಶ್ರಿತರ ಶಿಬಿರ, ಕಾಲರಾ. ನೆಲದ ಮೇಲೆ ರೋಗಿಗಳು. ನಾಳಕ್ಕೆ ಏರಿಸುವ ಸಲೈನ್ ಬಾಟಲಿಗಳು ಮುಗಿಯುತ್ತಿವೆ. ಡಾ. ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಗ್ಲೂಕೋಸು, ಉಪ್ಪು, ಅಡಿಗೆ ಸೋಡಾಗಳನ್ನು ಕಲ್ಕತ್ತೆಯಲ್ಲಿ ಪೊಟ್ಟಣ ಕಟ್ಟಿಸಿ ತಂದು, ನೀರಿಗೆ ಬೆರೆಸಿ ಕುಡಿಸಲು ಶುರುಮಾಡಿದರು. ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡಾ. ಗ್ಲೂಕೋಸು ಇದ್ದರೆ ಕರುಳು ಉಪ್ಪನ್ನೂ ಅದರ ಹಿಂದೆ ನೀರನ್ನೂ ಹೀರಿಕೊಳ್ಳುತ್ತದೆ, ಗುಟ್ಟು ಇಷ್ಟೇ. ಆದರೆ ಸೂಜಿಯಿಲ್ಲದ ಚಿಕಿತ್ಸೆಯನ್ನು ಯಾರು ನಂಬುತ್ತಾರೆ? ‘ಉಪ್ಪು ಸಕ್ಕರೆ ನೀರು ಕೊಟ್ಟು ಸಾಗಹಾಕ್ತಾರೆ’ ಎಂದುಕೊಳ್ಳುವುದಿಲ್ಲವೇ? ಮಹಲನಬೀಸರು ಅದನ್ನು ‘ಓರಲ್ ಸಲೈನ್’ ಎಂದು ಕರೆದರು. ಸಲೈನ್ ಎಂದರೆ ಜೀವ ಉಳಿಸುವುದು ಎಂದು ಹಳ್ಳಿಯವರಿಗೂ ಗೊತ್ತಿತ್ತು. ಇದು ಬಾಯಿಂದ ಕುಡಿಯುವ ಸಲೈನ್, ಅಷ್ಟೇ. ತಾಯಂದಿರು, ಅಣ್ಣತಮ್ಮಂದಿರು ಲೋಟ ಹಿಡಿದು ತಾವೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಅವರ ಶಿಬಿರದಲ್ಲಿ ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ಅವರು ತೀರಿಕೊಂಡರು. 2023ರಲ್ಲಿ ಮರಣೋತ್ತರ ಪದ್ಮವಿಭೂಷಣ ಬಂತು.

ಈ ಎರಡು ಪದಗಳ ಹೆಸರನ್ನು ಯಾವ ಡಿಸೈನರೂ ಮಾಡಲಿಲ್ಲ. ಆದರೆ ಅದರಲ್ಲಿ ನಮ್ಮ ವೃತ್ತಿ ಕಲಿಯಬೇಕಾದದ್ದೆಲ್ಲ ಇದೆ. ಅದು ಜನಕ್ಕೆ ಗೊತ್ತಿದ್ದ ಪದದಿಂದ ಹೊರಟಿತು. ಪೊಟ್ಟಣದಲ್ಲಿ ಇದ್ದದ್ದನ್ನೇ ಹೇಳಿತು. ಚಿಕಿತ್ಸೆಯನ್ನು ಡಾಕ್ಟರರ ಕೈಯಿಂದ ರೋಗಿಯ ಮನೆಯವರ ಕೈಗೆ ದಾಟಿಸಿತು.

ರೋಗಿಯ ಕೈಯಲ್ಲಿ ಏನಿರುತ್ತದೆ ಎಂದು ಆಮೇಲೆ ನೋಡತೊಡಗಿದೆ. ಬೆಂಗಳೂರಿಗೆ ಹೊರಟ ಪ್ರತಿಯೊಬ್ಬ ಬಂಗಾಳಿ ರೋಗಿಯ ಮಡಿಲಲ್ಲೂ ಒಂದು ಫೈಲು. ಲಾಡಿ ಕಟ್ಟಿದ್ದು, ಮೂಲೆ ಸವೆದದ್ದು, ಎಕ್ಸ್‌ರೇಯ ಕಂದು ಲಕೋಟೆ ಇಣುಕುತ್ತಿರುವುದು. ರೈಲಿನಲ್ಲಿ ತಲೆದಿಂಬಿನ ಕೆಳಗೆ ಅದನ್ನಿಟ್ಟುಕೊಂಡು ಮಲಗುತ್ತಾರೆ. ದುಡ್ಡಿನ ಚೀಲಕ್ಕಿಂತ ಅದರ ಮೇಲೆ ಕಣ್ಣು ಹೆಚ್ಚು. ಲಾಡಿ ಕಟ್ಟಿದ ಒಂದು ಫೈಲನ್ನು ನಾಲ್ಕೇ ಗೆರೆಯಲ್ಲಿ ಬರೆದು ಅದೇ ಚಹಾದ ಅಂಗಡಿಗೆ ಒಯ್ದೆ. ಕಿಡ್ನಿಯ ಮಾತಾಡಿದ್ದ ಹೆಂಗಸು ಅಂದು ಸಿಗಲಿಲ್ಲ. ಬೇರೊಬ್ಬರು ನೋಡಿ, “ಇದು ನಮ್ಮ ಫೈಲು” ಎಂದರು. ಡಾಕ್ಟರು, ಆಸ್ಪತ್ರೆ, ಔಷಧಿ ಯಾವುದರ ಹೆಸರೂ ಅವರ ಬಾಯಲ್ಲಿ ಬರಲಿಲ್ಲ. ‘ನಮ್ಮ’ ಎಂಬ ಪದ ಬಂತು. ಕಂದು ಲಕೋಟೆಯ ಬಣ್ಣವನ್ನೇ ಹಿನ್ನೆಲೆಗೆ ತೆಗೆದುಕೊಂಡೆವು. ಅದರ ಮೇಲೆ ಯಾವ ಪಕ್ಷವೂ ಹಕ್ಕು ಸಾಧಿಸಿಲ್ಲ. ಅಕ್ಷರ ಕಡುಕಪ್ಪು. ಹಿನ್ನೆಲೆಗೂ ಅಕ್ಷರಕ್ಕೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕೆಂಬ ಅಳತೆಯೊಂದಿದೆ, ಕಣ್ಣು ಮಂಜಾದವರಿಗಾಗಿ. ಕಪ್ಪಿಗೆ ಅದನ್ನು ದಾಟುವುದು ಕಷ್ಟವಾಗಲಿಲ್ಲ.

ನಿಜವಾದ ಜಗಳ ಹುಟ್ಟಿದ್ದು ಈ ಲಾಡಿಯ ಮೇಲೆ. ಇಬ್ಬರಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಡಾಕ್ಟರಿಗೆ ಫೈಲು ತೆರೆದಿರಬೇಕು, ಒಳಗಿನಿಂದ ನಾಡಿಯ ಗೆರೆ ಕುಣಿಯುತ್ತ ಬರಬೇಕು ಎಂದು ಆಸೆ. ಮಾತ್ರೆಯ ಹೊತ್ತಾದಾಗ ಮೊಬೈಲಿನ ಮೇಲೆ ಮಾತ್ರೆಯ ಹೆಸರೂ ರೋಗದ ಹೆಸರೂ ದೊಡ್ಡದಾಗಿ ಬರಬೇಕು; ಆಗ ಆ್ಯಪು ಎಷ್ಟು ಕೆಲಸ ಮಾಡುತ್ತೆ ಅಂತ ಎಲ್ಲರಿಗೂ ಕಾಣುತ್ತೆ ಎಂದರು. ನಾನು ಚಹಾದ ಅಂಗಡಿಯಲ್ಲಿ ಕಂಡದ್ದನ್ನು ಹೇಳಿದೆ. ಅಲ್ಲಿ ಬರುವವರಲ್ಲಿ ಬಹಳ ಮಂದಿಗೆ ಮೊಬೈಲು ಮನೆಗೆಲ್ಲ ಒಂದೇ. ಅಮ್ಮನದು ಸಂಜೆ ಮಗನ ಕೈಯಲ್ಲಿರುತ್ತದೆ. ಸೊಸೆಯದು ಅತ್ತೆಯ ಕೈಯಲ್ಲಿ. ಕ್ಷಯದ ಮಾತ್ರೆಯೋ, ಮನಸ್ಸಿನ ಕಾಯಿಲೆಯ ಮಾತ್ರೆಯೋ ಮುಂಗಡ ಸಾರಿಕೊಂಡು ಬಂದರೆ, ಆಕೆಯ ಮದುವೆ, ಮನೆಗೆಲಸ, ಬಾಡಿಗೆಯ ಕೋಣೆ ಏನಾದೀತು? ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆ ಆಗಿದೆ, ನಿಜ. ಆದರೆ ಅಡಿಗೆಮನೆಯ ಗೂಡಿನಲ್ಲಿ ಚಾರ್ಜಿಗೆ ಹಾಕಿದ ಮೊಬೈಲಿನ ಮೇಲೆ ಮಿನುಗಿದ ಅಕ್ಷರವನ್ನು ಯಾವ ಕಾಯಿದೆ ಬಂದು ಒರೆಸೀತು?

“ಹಾಗಾದ್ರೆ ನಮ್ಮ ಹೆಸರು ಯಾರಿಗೂ ಕಾಣೋದೇ ಬೇಡವಾ?” ಎಂದು ಅವರು ಸ್ವಲ್ಪ ಬಿಸಿಯಾಗಿಯೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರು ಸಾಲ ತಂದಿದ್ದರು. ಹೆಸರು ಕಾಣದಿದ್ದರೆ ಆ್ಯಪು ಬದುಕುವುದಿಲ್ಲ. ಆ್ಯಪು ಬದುಕದಿದ್ದರೆ ರೋಗಿಗೂ ಉಪಯೋಗವಿಲ್ಲ. ಮೂರು ಸಂಜೆ ಮಾತಾಡಿದೆವು. ಆ ಡಾಕ್ಟರಮ್ಮ ಕೊನೆಗೆ ಒಂದು ಮಾತು ಹೇಳಿದರು: “ವಾರ್ಡಿನಲ್ಲಿ ರೌಂಡ್ಸ್ ಹೋದಾಗ ಪಕ್ಕದ ಹಾಸಿಗೆಯವರಿಗೆ ಕೇಳದ ಹಾಗೆ ಬಗ್ಗಿ ಮಾತಾಡ್ತೀವಲ್ಲ, ಹಾಗೆ.” ಅಲ್ಲಿಗೆ ಲಾಡಿ ಕಟ್ಟಿಯೇ ಉಳಿಯಿತು. ಹೊತ್ತಿಗೆ ಸರಿಯಾಗಿ ಬರುವ ಸಂದೇಶದಲ್ಲಿ ಕಟ್ಟಿದ ಫೈಲಿನ ಪುಟ್ಟ ಚಿತ್ರ, ‘ನಿಮಗೊಂದು ನೆನಪು’ ಎಂಬ ಸಾಲು, ಅಷ್ಟೇ. ಮಿಕ್ಕಿದ್ದು ತೆರೆದವರಿಗೆ. ಹೊರಗೆ, ಔಷಧಿ ಅಂಗಡಿಯ ಗೋಡೆಯ ಮೇಲೆ, ಹೌರಾದ ದಾರಿಯ ಫಲಕಗಳ ಮೇಲೆ ಹೆಸರು ಎಷ್ಟು ದೊಡ್ಡದಾಗಿ ಬೇಕಾದರೂ ಇರಲಿ ಎಂದು ಒಪ್ಪಂದವಾಯಿತು.

ಇಂಥ ಕೆಲಸ ಮುಗಿದಾಗ ಒಂದು ಪುಸ್ತಿಕೆ ಬರೆದುಕೊಡುವ ಪದ್ಧತಿಯಿದೆ: ಚಿಹ್ನೆಯನ್ನು ಹೀಗೆ ಬಳಸಿ, ಹೀಗೆ ಬಳಸಬೇಡಿ, ಬಣ್ಣ ಇಂಥದು, ಅಕ್ಷರ ಇಷ್ಟು ದೊಡ್ಡದು ಎಂದು. ಅದಕ್ಕೆ ನಾನು ಒಂದು ಪುಟ ಹೆಚ್ಚು ಸೇರಿಸಿದೆ. ಆ್ಯಪು ಏನು ಮಾಡುತ್ತದೆ ಎಂಬುದನ್ನು ಯಾವ ಅಳತೆಯ ಅಕ್ಷರದಲ್ಲಿ ಬರೆದಿದೆಯೋ, ಏನು ಮಾಡಲಾರದು ಎಂಬುದನ್ನೂ ಅದೇ ಅಳತೆಯಲ್ಲಿ, ಅದೇ ಕಪ್ಪಿನಲ್ಲಿ, ಮೊದಲ ಪರದೆಯಲ್ಲೇ ಬರೆಯಬೇಕು. ಮೂರು ಸಾಲು. ಇದು ಡಾಕ್ಟರಲ್ಲ. ಎದೆನೋವು, ಉಸಿರಾಟದ ತೊಂದರೆ ಬಂದರೆ ಇದನ್ನು ನೆಚ್ಚಿ ಕೂರದೆ 112ಕ್ಕೆ ಫೋನ್ ಮಾಡಿ. ಕಾಯಿಲೆ ವಾಸಿಯಾಗುತ್ತದೆಂದು ಇದು ಹೇಳುವುದಿಲ್ಲ.

ಮೂರನೆಯ ಸಾಲನ್ನು ಓದಿ ಹಣಕಾಸಿನ ಡಾಕ್ಟರು ಬಹಳ ಹೊತ್ತು ಪೆನ್ನು ತಿರುಗಿಸುತ್ತ ಕೂತಿದ್ದರು. ಇದನ್ನು ಓದಿ ಯಾರು ಆ್ಯಪು ಇಳಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಅವರ ಮುಖದಲ್ಲಿ ಕಾಣುತ್ತಿತ್ತು, ಬಾಯಿಬಿಟ್ಟು ಕೇಳಲಿಲ್ಲ. ಆಮೇಲೆ ಆ ಸಾಲನ್ನು ಹೊಡೆದುಹಾಕದೆ, ಅದರ ಮುಂದೆ ತಮ್ಮ ಕೈಬರಹದಲ್ಲಿ ಇನ್ನೊಂದು ಸಾಲು ಬರೆದರು. ‘ಜೊತೆಗಿರುತ್ತದೆ’ ಎಂದು ಅದರ ಅರ್ಥ. ನನ್ನ ಪುಸ್ತಿಕೆಯಲ್ಲಿ ನಾನು ಬರೆಯದ ಸಾಲು ಅದೊಂದೇ.